ಕಲೀನಾಳ ದನಿಯಲ್ಲಿ ಒಂದು ಮೇಲ್

‘ಅಪ್ಪಿಕೊಳ್ಳುತ್ತೇನೆ, ನಿಮ್ಮ ಕಲೀನಾ.’ ಕೊನೆಯ ಸಾಲನ್ನು ಬೆರಳುಗಳು ತಾವಾಗಿಯೇ ಬರೆದು ಮುಗಿಸಿದಾಗ ನೆವ್ಯಾನಾ ದ್ರುಮೇವಾ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇನ್ನೂ ಬೆಳಕು ಹರಿದಿಲ್ಲ. ಕಿಟಕಿಯಾಚೆ ಡ್ಯಾನ್ಯೂಬ್ ಮಂಜಿನಲ್ಲಿ ಮುಳುಗಿಹೋಗಿದೆ. ಪಕ್ಕದ ಮೇಜಿನ ಕಲೀನಾ ತೀರಿಕೊಂಡು ನಲವತ್ತು ದಿನ ತುಂಬುತ್ತ ಬಂದಿದೆ.

ನದಿದಂಡೆಯ ರುಸೆ ಪಟ್ಟಣದ ಈ ಕಾರ್ಖಾನೆ ಮೆಣಸಿನಕಾಯಿ, ಬದನೆಕಾಯಿಗಳನ್ನು ಬಾಟಲಿಗೆ ತುಂಬುತ್ತದೆ. ನೆವ್ಯಾನಾ ತುಂಬುವುದು ಸುಳ್ಳನ್ನು. ಕಳ್ಳರು ಕಳಿಸುವಂಥ ಮೇಲ್‌ಗಳನ್ನು ತಾವೇ ಬರೆದು ಪರೀಕ್ಷೆಗೆಂದು ಸಹೋದ್ಯೋಗಿಗಳಿಗೆ ಕಳಿಸುವುದೇ ಅವರ ಕೆಲಸ. ನಂಬಿ ಲಿಂಕ್ ಒತ್ತಿದವರ ಪಕ್ಕದಲ್ಲಿ ಕೂತು, ಎಲ್ಲಿ ಮೋಸಹೋದಿರಿ ಎಂದು ತೋರಿಸಿಕೊಡುತ್ತಾರೆ. ‘ಬೈಯೋದಿಲ್ಲ. ಬೈದ್ರೆ ಮುಂದಿನ ಸಲ ಮುಚ್ಚಿಡ್ತಾರೆ’ ಎನ್ನುತ್ತಾರೆ.

ಅವರು ಕಾರ್ಖಾನೆಯ ಅಡುಗೆಮನೆಗೆ ಕಾಫಿಗೆ ಹೋದರೆ ಅಲ್ಲಿದ್ದವರ ಮಾತು ನಿಲ್ಲುತ್ತದೆ. ‘ಬಂದ್ಳಪ್ಪ ಗಾಳದಮ್ಮ’ ಎಂದು ಯಾರೋ ಗೊಣಗುತ್ತಾರೆ. ತಾಯಿ ತೀರಿಕೊಂಡು ವರ್ಷವಾದಾಗಿನ ಪ್ರಾರ್ಥನೆಗೆ ಇವರು ಮೇಲ್‌ನಲ್ಲಿ ಕರೆದಾಗ ಒಬ್ಬರೂ ಬರಲಿಲ್ಲ. ಅದೂ ಪರೀಕ್ಷೆಯೇ ಎಂದುಕೊಂಡಿದ್ದರು. ಸತ್ತವರ ಹೆಸರಲ್ಲಿ ಹಂಚಲೆಂದು ಬೇಯಿಸಿ ಸಕ್ಕರೆ ಬೆರೆಸಿದ ಗೋಧಿ ಹಾಗೇ ಉಳಿಯಿತು. ‘ಚೆನ್ನಾಗೇ ಕಲಿಸಿದೀನಿ ಅಂತಾಯ್ತಲ್ಲ’ ಎಂದು ನೆವ್ಯಾನಾ ನಗುತ್ತಾರೆ, ಕಣ್ಣು ಮಾತ್ರ ನಗುವುದಿಲ್ಲ.

ಕಳೆದ ಚಳಿಗಾಲದಲ್ಲಿ ನಿಜವಾದ ಕಳ್ಳರೇ ಬಂದಿದ್ದರು. ನಿವೃತ್ತ ಮೇಸ್ತ್ರಿಯೊಬ್ಬರ ಫೋಟೊ ಇದ್ದ ಮರಣದ ಚೀಟಿ ಎಲ್ಲರಿಗೂ ಮೇಲ್‌ನಲ್ಲಿ ಬಂತು. ಬಾಗಿಲಿಗೋ ಮರಕ್ಕೋ ಅಂಟಿಸಿದ ಅಂಥ ಚೀಟಿಯನ್ನು ನೋಡದೆ ದಾಟಿಹೋಗುವವರು ಇಲ್ಲಿಲ್ಲ. ಎಲ್ಲರೂ ತೆರೆದರು, ಅದರೊಳಗಿದ್ದ ವೈರಸ್‌ನಿಂದ ಯಂತ್ರಗಳು ನಿಂತವು. ಮಾರನೆಯ ದಿನ ಸತ್ತ ಮೇಸ್ತ್ರಿ ಗೇಟಿಗೆ ನಡೆದುಬಂದಾಗ ಕಾವಲುಗಾರ ಮೂರು ಸಲ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಅದಕ್ಕೇ ನಿರ್ದೇಶಕರು ಈ ಸಲ ಕಲೀನಾಳ ಹೆಸರನ್ನೇ ಕೇಳಿದ್ದಾರೆ. ಅವಳ ಮೇಲ್ ಖಾತೆ ಇನ್ನೂ ತೆರೆದೇ ಇದೆ, ಅಲ್ಲಿಂದಲೇ ನಲವತ್ತನೇ ದಿನದ ಚೀಟಿ ಹೋಗಲಿ, ಯಾರು ಒತ್ತುತ್ತಾರೋ ನೋಡೋಣ ಎಂದಿದ್ದಾರೆ.

ಯಾರು ಒತ್ತುತ್ತಾರೆಂದು ನೆವ್ಯಾನಾರಿಗೆ ಗೊತ್ತು. ಖಾತೆ ತೆರೆದಾಗಲೇ ಕಂಡಿತ್ತು: ಉಗ್ರಾಣದ ಸ್ಟೋಯ್ನಾ ಸತ್ತ ಗೆಳತಿಗೆ ಈಗಲೂ ದಿನಾ ಬೆಳಿಗ್ಗೆ ಬರೆಯುತ್ತಾಳೆ. ಎರಡು ಸಲ ಗಾಳಕ್ಕೆ ಸಿಕ್ಕವಳು. ಮೂರನೇ ಸಲ ಸಿಕ್ಕರೆ ಉಗ್ರಾಣ ಬಿಡಿಸಿ ಬಾಟಲಿ ತೊಳೆಯಲು ಕಳಿಸುತ್ತಾರೆ. ಆದರೆ ನೆವ್ಯಾನಾರನ್ನು ಹೆದರಿಸುವುದು ಅದೊಂದೇ ಅಲ್ಲ. ಇಷ್ಟು ದಿನ ಬರೆದವಳಿಗೆ ಇವತ್ತು ಉತ್ತರ ಬಂದಂತಾಗುತ್ತದೆ. ‘ಕಲೀನಾ ಹೇಗೆ ಬರೀತಾಳೆ ಅಂತ ಯೋಚಿಸ್ಬೇಕಾಗ್ಲೇ ಇಲ್ಲ. ಯಾರೋ ಹೇಳಿ ಬರೆಸಿದ ಹಾಗಿತ್ತು’ ಎಂದು ತಮಗೆ ತಾವೇ ಮೆಲ್ಲಗೆ ಹೇಳಿಕೊಳ್ಳುತ್ತಾರೆ.

ಅಷ್ಟರಲ್ಲಿ ಕಲೀನಾಳ ಖಾತೆಗೆ ಹೊಸ ಮೇಲ್ ಬಂದು ಬೀಳುತ್ತದೆ. ‘ನಿನ್ನ ಹೂಕುಂಡಕ್ಕೆ ನೀರು ಹಾಕ್ದೆ ಕಣೆ. ಅಲ್ಲೇ ಇದೀಯಾ?’

ನಲವತ್ತು ದಿನ ತುಂಬುವವರೆಗೆ ಜೀವ ಮನೆಯ ಸುತ್ತಲೇ ಸುಳಿಯುತ್ತದೆ ಎಂದು ನಂಬುವ ಊರು ಇದು. ನೆವ್ಯಾನಾ ತುಂಬ ಹೊತ್ತು ಆ ಸಾಲನ್ನೇ ನೋಡುತ್ತಾರೆ. ಆಮೇಲೆ ತಾವು ಬರೆದದ್ದನ್ನು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸುತ್ತಾರೆ. ನಿರ್ದೇಶಕರ ಪರೀಕ್ಷೆಗೆ ಬೇರೆ ಮೇಲ್ ಆದೀತು. ಸತ್ತವರ ಸುದ್ದಿ ಗೇಟಿಗೆ ಅಂಟಿಸಿದ ಕಾಗದದಲ್ಲಷ್ಟೇ ನಿಜ ಎಂದು ಎಲ್ಲರಿಗೂ ಕಲಿಸಿದರಾಯಿತು. ಈ ಖಾತೆಯನ್ನು ಮುಚ್ಚುವುದು ನಲವತ್ತು ದಿನದ ಗಡುವು ಕಳೆದ ಮೇಲೆ. ಅಲ್ಲಿಯವರೆಗೆ ಸ್ಟೋಯ್ನಾ ಬರೆಯಲಿ, ಯಾರೂ ಉತ್ತರಿಸದಿರಲಿ.

ಹೊರಗೆ ಹೆಜ್ಜೆ ಸಪ್ಪಳ. ಏನು ಇಷ್ಟು ಬೇಗ ಬಂದಿದ್ದೀರಿ ಎಂದು ಯಾರೋ ಕೇಳುತ್ತಾರೆ. ಏನಿಲ್ಲ, ನಿದ್ದೆ ಬರಲಿಲ್ಲ ಎನ್ನುತ್ತಾರೆ ನೆವ್ಯಾನಾ.