ಮೈ ಕೊಡವದ ಹೋತ

ಬಾಳೂರಿನ ಇಂಗ್ಲಿಷ್ ದೊರೆಯ ಕಾಫಿ ತೋಟದ ಅಂಚಿನಲ್ಲಿ ದ್ಯಾವಮ್ಮನ ಆಡಿನ ಕೊಟ್ಟಿಗೆ. ಬಿದಿರಿನ ದಬ್ಬೆ ಹಾಸಿ, ನೆಲದ ಶೀತ ತಾಗದಂತೆ ಎತ್ತರಿಸಿ ಕಟ್ಟಿದ್ದು. ಸಂದಿಯಲ್ಲಿ ಕೆಳಗೆ ಬಿದ್ದ ಹಿಕ್ಕೆ ತೋಟದ ಕಾಫಿಗೆ ಗೊಬ್ಬರ. ನೆರಳು ಮರಗಳ ಕೊಂಬೆ ಸವರುವ ಮರಗಸಿಯ ಕಾಲದಲ್ಲಿ ಕಡಿದ ಹಾಲುವಾಣದ ಸೊಪ್ಪು ಆಡುಗಳಿಗೆ. ದೊರೆಗೂ ದ್ಯಾವಮ್ಮನಿಗೂ ನಡುವೆ ಇದ್ದ ಒಪ್ಪಂದ ಇಷ್ಟೇ. ಸಾಮ್ರಾಜ್ಯದ ಉಳಿದ ವ್ಯವಹಾರಗಳಲ್ಲಿ ಅವಳು ತಲೆ ಹಾಕುತ್ತಿರಲಿಲ್ಲ.

ಬೆಳಗಾದರೆ ಆಡುಗಳ ಮೂಗಿನೊಳಗೆ ಸೇರಿ ರಕ್ತ ಹೀರುವ ಇಂಬಳ, ಅಂದರೆ ಜಿಗಣೆ, ಹುಡುಕಿ ಹೊಗೆಸೊಪ್ಪಿನ ನೀರು ಬಿಡಬೇಕು. ಬಿಟ್ಟ ತಕ್ಷಣ ಪಕ್ಕಕ್ಕೆ ಸರಿಯಬೇಕು. ಎದುರಿಗೇ ನಿಂತರೆ ಸೀನಿನ ಜೊತೆಗೆ ಇಂಬಳವೂ ಮುಖಕ್ಕೆ. ಕಾವಲಿಗೆ ಎರಡು ನಾಯಿ. ಕರಿಯ ನಿಜವಾಗಿ ಕಾಯುತ್ತಿದ್ದ. ಇನ್ನೊಂದು, ಹಿಂದಿನ ದೊರೆ ತನ್ನ ಸೀಮೆಗೆ ವಾಪಸು ಹೋಗುವಾಗ ಬಿಟ್ಟುಹೋದದ್ದು, ಹೆಸರು ಟೈಗರ್. ಹುಲಿಯ ವಾಸನೆ ಬಂದರೆ ಎಲ್ಲರಿಗಿಂತ ಮೊದಲು ಮನೆಯೊಳಗೆ ಸೇರುತ್ತಿದ್ದವನು ಅವನೇ.

ಹಿಂಡಿಗೆಲ್ಲ ಇದ್ದದ್ದು ಒಂದೇ ಹೋತ. ಗಡ್ಡದ ಗಾಂಭೀರ್ಯ ನೋಡಿ ದ್ಯಾವಮ್ಮ ಅವನಿಗೆ ದೊಡ್ಡಯ್ಯ ಎಂದೇ ಹೆಸರಿಟ್ಟಿದ್ದಳು. ಆ ಮಳೆಗಾಲದಲ್ಲಿ ಅವಳ ಗಂಡ ಜವರಯ್ಯನಿಗೆ ಚಳಿಜ್ವರ ಬಂತು. ನಡುಕ ಏರಿದಾಗ ಅವನು ಕೈ ಮುಗಿದು, ವಾಸಿಯಾದರೆ ಕಾಡಂಚಿನ ಭೂತಪ್ಪನಿಗೆ ಹೋತ ಒಪ್ಪಿಸುವುದಾಗಿ ಹರಕೆ ಹೊತ್ತುಬಿಟ್ಟ. ಜ್ವರ ಬಿಟ್ಟಿತು. ಹೆಂಡತಿ ಬಿಡಲಿಲ್ಲ.

"ನಡುಗಿದ್ದು ನೀವು, ತಲೆ ಕೊಡೋದು ಅವನಾ?"

"ಬಾಯಿಂದ ಬಂದುಹೋಯ್ತು ಮಾರಾಯ್ತಿ."

"ಬಾಯಿ ನಿಮ್ದು, ಹೋತ ನಂದು! ಇವನು ಹೋದ್ರೆ ಮುಂದಿನ ವರ್ಷ ಮರಿ ಎಲ್ಲಿಂದ ಬರುತ್ತೆ? ಹಿಂಡಿಗೆ ನಿಮ್ಮನ್ನೇ ಕಳಿಸ್ಲಾ?"

ಜವರಯ್ಯ ಗೋಡೆಯ ಕಡೆ ಹೊರಳಿದ. ಹರಕೆ ಹೊತ್ತದ್ದಾಗಿತ್ತು, ತಪ್ಪಿಸುವಂತಿರಲಿಲ್ಲ.

ಆದರೆ ಒಂದು ಕ್ರಮವಿತ್ತು. ಪೂಜಾರಿ ಪ್ರಾಣಿಯ ಬೆನ್ನಿಗೆ ನೀರು ಚಿಮುಕಿಸುತ್ತಾನೆ. ಅದು ಮೈ ಕೊಡವಿದರೆ ದೈವ ಒಪ್ಪಿತು. ಕೊಡವದಿದ್ದರೆ ಕತ್ತಿ ಎತ್ತುವಂತಿಲ್ಲ. ದೊಡ್ಡಯ್ಯನೋ, ಮಾಡಿನಿಂದ ಒಂದು ಹನಿ ಬಿದ್ದರೂ ಕೊಡವುವ ಜಾತಿ. ದ್ಯಾವಮ್ಮ ಯೋಚಿಸಿದಳು. ಹರಕೆಯ ದಿನ ನಸುಕಿನಲ್ಲೇ ಎದ್ದು ಅವನಿಗೆ ಸ್ನಾನ ಶುರುಮಾಡಿದಳು.

"ಇಷ್ಟು ಬೇಗ ಯಾಕೆ?" ಎಂದ ಜವರಯ್ಯ.

"ದೇವರ ಪ್ರಾಣಿಗೆ ಮಡಿ ಬೇಡ್ವಾ?"

ಅವಳು ಕೊಡ ಕೊಡ ನೀರು ಸುರಿದಳು, ಹೋತ ಕೊಡವಿ ಕೊಡವಿ ಹಾಕಿದ. ಗೋಡೆ ಒದ್ದೆಯಾಯಿತು, ಒಲೆ ಆರಿತು, ಕರಿಯ ಅಂಗಳ ಬಿಟ್ಟು ಓಡಿದ. ಬಿಸಿಲೇರುವ ಹೊತ್ತಿಗೆ ದೊಡ್ಡಯ್ಯ ಈ ಲೋಕದಲ್ಲಿ ಒದ್ದೆಯಾಗಿರುವುದೇ ಸಹಜವೆಂದು ತೀರ್ಮಾನಿಸಿ ಸುಮ್ಮನಾದ.

ಭೂತಪ್ಪನ ಕಲ್ಲಿನ ಮುಂದೆ ಪೂಜಾರಿ ಬೊಮ್ಮಯ್ಯ ಮಂತ್ರ ಗೊಣಗಿ ನೀರು ಚಿಮುಕಿಸಿದ. ದೊಡ್ಡಯ್ಯ ಅಲುಗಲಿಲ್ಲ. ಕತ್ತು ಚಾಚಿ ಭೂತಪ್ಪನ ಹೂವಿನ ಸರ ತಿನ್ನತೊಡಗಿದ. ದ್ಯಾವಮ್ಮ ಹಗ್ಗವನ್ನು ಬಿಗಿಹಿಡಿದು ಉಸಿರು ಕಟ್ಟಿ ನಿಂತಿದ್ದಳು. ಬೊಮ್ಮಯ್ಯ ಮತ್ತೆ ಚಿಮುಕಿಸಿದ. ಕೊನೆಗೆ ಚೊಂಬನ್ನೇ ಬೋರಲು ಹಾಕಿದ. ಊಹೂಂ.

ಅಷ್ಟರಲ್ಲಿ ಹಿಂದಿನಿಂದ ಬಂದ ಟೈಗರ್ ಪಕ್ಕದ ಹಳ್ಳ ಹಾರಲು ಹೋಗಿ ನೀರಿಗೆ ಬಿದ್ದ. ಎದ್ದು ನೇರವಾಗಿ ಕಲ್ಲಿನ ಮುಂದೆ ಬಂದು, ಮೂತಿಯಿಂದ ಬಾಲದವರೆಗೆ ಒಂದಿಷ್ಟೂ ಬಿಡದೆ ಮೈ ಕೊಡವಿದ. ಬೊಮ್ಮಯ್ಯನ ವಿಭೂತಿ ಮುಖದ ಮೇಲೆಲ್ಲ ಇಳಿಯಿತು.

ಜವರಯ್ಯ ಮೆಲ್ಲಗೆ ಕೇಳಿದ, "ಈಗ... ಒಪ್ಪಿದ್ದು ಯಾರು?"

"ಬಿಡ್ತು ಅನ್ನು ಮಾರಾಯ!" ಬೊಮ್ಮಯ್ಯ ಮುಖ ಒರೆಸಿಕೊಂಡ. "ಹೋತ ಬೇಡ ಅಂತ ದೈವವೇ ಹೇಳ್ತು. ನಾಳೆ ಒಂದು ಹುಂಜ ತಂದು ಒಪ್ಸು, ಸಾಕು."

ಜವರಯ್ಯನ ಮುಖ ಸಣ್ಣಗಾಯಿತು. ಮನೆಯಲ್ಲಿದ್ದ ಹುಂಜ ಒಂದೇ, ಅವನು ಮಗನಂತೆ ಸಾಕಿ ಕೋಳಿ ಅಂಕಕ್ಕೆ ಕರೆದೊಯ್ಯುತ್ತಿದ್ದದ್ದು.

"ಹುಂಜ ಅಂದ್ರೆ, ನಂದಾ?"

ದ್ಯಾವಮ್ಮ ಆಗಲೇ ದೊಡ್ಡಯ್ಯನನ್ನು ಹಿಡಿದುಕೊಂಡು ಇಳಿಜಾರಿನಲ್ಲಿದ್ದಳು. ತಿರುಗಿಯೂ ನೋಡದೆ ಕೂಗಿದಳು:

"ಜ್ವರ ಯಾರಿಗೆ ಬಂದಿತ್ತು?"