ಹಕೀಮರು ಹೇಳಿದ ಬೈಠಕ

ನನ್ನ ಗಂಡನ ಹೆಸರು ಜಹಾಂಗೀರ. ಆ ಹೆಸರು ಒಂದು ದಿನವೂ ನನ್ನ ಬಾಯಿಂದ ಬಂದದ್ದಿಲ್ಲ, ನಮ್ಮ ಕಡೆ ಗಂಡನ ಹೆಸರು ಹೇಳುವ ರೂಢಿ ಇಲ್ಲ. ಆದರೆ ಬರೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ! ಅದಕ್ಕೇ ಬರೆಯುತ್ತಿದ್ದೇನೆ: ಗುಡೂರಿನ ಪಿಂಜಾರ ಜಹಾಂಗೀರ ಪೈಲ್ವಾನ. ಮೌಲಾಬಿ ಎಂಬ ನಾನು ಎರಡನೇ ಇಯತ್ತೆಯ ತನಕ ಕಲಿತದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಪಿಂಜಾರರೆಂದರೆ ಹತ್ತಿ ಹಿಂಜಿ ಗಾದಿ ತುಂಬುವವರು. ನಮ್ಮ ಮನೆಮಾತು ಕನ್ನಡ. ಹೆಸರು ಕೇಳಿ ಯಾರಾದರೂ ಉರ್ದುವಿನಲ್ಲಿ ಮಾತು ತೆಗೆದರೆ ಮನೆಮಂದಿಯೆಲ್ಲ ಪಿಳಿಪಿಳಿ ಕಣ್ಣು ಬಿಡುತ್ತಿದ್ದೆವು. ನಮ್ಮವರಿಗೆ ಮಾತ್ರ ನಾಲ್ಕು ಮಾತು ಬರುತ್ತಿತ್ತು, ಅದೂ ಗರಡಿ ಮನೆಯಲ್ಲಿ ಕಲಿತದ್ದು. ದಂಡ ಎಂದರೆ ನೆಲಕ್ಕೆ ಕೈಯೂರಿ ಮೈ ಇಳಿಸಿ ಎತ್ತುವುದು, ಬೈಠಕ ಎಂದರೆ ನಿಂತಲ್ಲೇ ಕೂತು ಏಳುವುದು. ಇಷ್ಟರ ಮೇಲೆ ತಮಗೆ ಉರ್ದು ಪೂರಾ ಬರುತ್ತದೆ ಅಂತ ಅವರ ತಿಳುವಳಿಕೆ. ನಾನೂ ನಂಬಿದ್ದೆ ಅನ್ನಿ.

ಬೆಳಿಗ್ಗೆ, ಸಂಜೆ ಗರಡಿ. ನಡುವೆ ದಿನವಿಡೀ ಹಿಂಜುವ ಬಿಲ್ಲು. ಪಡಸಾಲೆಯಲ್ಲಿ ಅವರು ಬಿಲ್ಲಿನ ತಂತಿ ಮೀಟಿದರೆ ಟಂಯ್ ಟಂಯ್ ಎನ್ನುವ ಸದ್ದು ಅಡುಗೆಮನೆಗೆ ಬರುತ್ತಿತ್ತು. ನಾನು ಅದೇ ಲಯಕ್ಕೆ ರೊಟ್ಟಿ ಬಡಿಯುತ್ತಿದ್ದೆ. ಒಂದು ಗಾದಿಯ ಹತ್ತಿ ಹಿಂಜುವ ತನಕ ಆ ಸದ್ದು ನಿಂತದ್ದೇ ಇಲ್ಲ.

ಕಮತಗಿಯ ಚಂದಪ್ಪ ಅಂತ ಇವರ ಜೋಡಿ ಪೈಲ್ವಾನ. ಎರಡು ವರ್ಷ ಇಬ್ಬರೂ ಹುನಗುಂದದ ಕಣದಲ್ಲಿ ಕುಸ್ತಿ ಹಿಡಿದಿದ್ದರು. ಒಮ್ಮೆ ಇವರು ಗೆದ್ದರೆ ಒಮ್ಮೆ ಅವನು. ಮೂರನೆಯದಕ್ಕೆ ಬೆಳ್ಳಿಯ ಕಡಗ ಇಟ್ಟಿದ್ದರು. ಸುಗ್ಗಿ ಮುಗಿದ ಮೇಲೆ ಕುಸ್ತಿ. ಊರಿಗೆ ಊರೇ ಆ ಕಡಗವನ್ನು ಆಗಲೇ ಇವರ ಕೈಗೆ ತೊಡಿಸಿಬಿಟ್ಟಿತ್ತು.

ಅಷ್ಟರಲ್ಲಿ ಆ ಚಳಿಗಾಲಕ್ಕೆ ಸುತ್ತಲ ಊರುಗಳಿಗೆಲ್ಲ ಒಂದು ನೆಗಡಿ ಜ್ವರ ಬಂತು. ಭಾರೀ ಜ್ವರವೇನಲ್ಲ. ಮೂರು ದಿನ ಮೂಗು ಸೋರಿ, ಮೈಕೈ ನೋವಾಗಿ, ನಾಲ್ಕನೇ ದಿನ ಬಿಟ್ಟುಹೋಗುವಂಥದ್ದು. ನಮ್ಮ ಅತ್ತೆ ಕಾಸಿಂಬಿ ಮಗನಿಗೆ ಶುಂಠಿ ಕಷಾಯ ಕುಡಿಸಿ ಕಂಬಳಿ ಹೊದಿಸಿದರು. ನಾಲ್ಕನೇ ದಿನ ಬೆಳಿಗ್ಗೆ ಇವರು ಲಂಗೋಟಿ ಬಿಗಿದು ಗರಡಿಗೆ ಹೊರಟೇಬಿಟ್ಟರು. ಬೆವರು ಹರಿದರೆ ಉಳಿದ ಜ್ವರವೂ ಹೋಗುತ್ತದೆ ಅಂತ ಗರಡಿಯವರ ಲೆಕ್ಕ.

ಎರಡು ದಿನ ಕಳೆದಿರಬಹುದು. ರೊಟ್ಟಿ ಬಡಿಯುತ್ತಿದ್ದೆ, ಬಿಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಶುರುವಾಯಿತು, ಮತ್ತೆ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಯಾಕ್ರಿ, ತಂತಿ ಹರೀತೇನು?"

"ಇಲ್ಲ. ಸುಮ್ನ ದಮ್ಮ ತೊಗೊಂಡೆ."

"ಜ್ವಾಳದ ಚೀಲ ಹೊತ್ತು ಓಡೋ ಮನಷ್ಯಾಗ ಹತ್ತಿ ಹಿಂಜಾಕ ದಮ್ಮೇನ್ರಿ?"

ಇವರು ಅತ್ತ ಇತ್ತ ನೋಡಿದರು. "ಎದಿಯೊಳಗ ಏನೋ ಪಟಪಟ ಅಂತೈತಿ, ಮೌಲಾ. ಯಾರಿಗೂ ಹೇಳಬ್ಯಾಡ."

ಯಾರಿಗೂ ಹೇಳಬೇಡ ಅಂದದ್ದನ್ನು ನಾನು ಆ ಗಳಿಗೆಯೇ ಅತ್ತೆಗೆ ಹೇಳಿದೆ. ಅತ್ತೆ ಓಣಿಗೆಲ್ಲ ಹೇಳಿದರು. ಸಂಜೆಗೆ ಊರ ಹಿರಿಯರೇ ಬಂದು, ಇಳಕಲ್ಲಿನ ಖಾದರಬಾಷಾ ಹಕೀಮರಿಗೆ ಕೈ ತೋರಿಸಿಕೊಂಡು ಬಾ ಅಂತ ಇವರಿಗೆ ಬುದ್ಧಿ ಹೇಳಿ ಹೋದರು.

ಖಾದರಬಾಷಾ ಹಕೀಮರು ನಿಜಾಮನ ಸೀಮೆಯಿಂದ ಬಂದ ಮುದುಕರು. ಅರ್ಧ ಉರ್ದು, ಅರ್ಧ ಕನ್ನಡ. ಮರುದಿನ ಇವರು ಒಬ್ಬರೇ ಚಕ್ಕಡಿಯಲ್ಲಿ ಹೋಗಿ, ಸಂಜೆ ಮುಖವರಳಿಸಿಕೊಂಡು ಬಂದರು.

"ಭಾಳ ಶಾಣ್ಯಾ ಮನಷ್ಯಾ ಅವರು! ನಾಡಿ ಹಿಡಿದ ಕೂಡ್ಲೇ, ಎದಿಗೆ ಜ್ವರ ತಾಗೇತಿ ಅಂದ್ರು. ಹದಿನೈದು ದಿವಸ ದಂಡ ಬ್ಯಾಡ, ಕುಸ್ತಿ ಬ್ಯಾಡ, ಬರೇ ಬೈಠಕ ಅಂದ್ರು."

"ಎಷ್ಟು ಬೈಠಕ?"

"ಎಷ್ಟಂತ ನಾನೂ ಕೇಳಿದೆ. 'ದಿನಾ ಪೂರಾ' ಅಂದ್ರು."

ಇಡೀ ದಿನ ಬೈಠಕ ಹೊಡೆಯುವುದೆಂದರೆ ಆಗುವ ಮಾತೇ? ನಾವಿಬ್ಬರೂ ಕೂತು ವಿಚಾರ ಮಾಡಿ, ಐದುನೂರು ಸಾಕು ಅಂತ ನಿಕಾಲಿ ಮಾಡಿದೆವು. ಎಂಥ ಜಾಣರು ನೋಡಿ ನಾವು! ಬೆಳಗಾದರೆ ಹಿತ್ತಲಲ್ಲಿ ಇವರು ಕೂತು ಏಳುವುದು, ಪಕ್ಕದಲ್ಲಿ ನಾನು ನೂರಕ್ಕೊಂದು ಹತ್ತಿಕಾಳು ತೆಗೆದಿಟ್ಟು ಎಣಿಸುವುದು. ಇವರ ಮುಖ ಬಿಳಿಚಿಕೊಂಡರೆ, "ಇನ್ನ ಸ್ವಲ್ಪ ರೀ, ಔಷಧ ಕಹಿನ ಇರತೈತಿ" ಅಂತ ಹುರಿದುಂಬಿಸುತ್ತಿದ್ದವಳೂ ನಾನೇ. ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನಾಲ್ಕನೇ ದಿನ, ಮೂರನೇ ಕಾಳು ಇಟ್ಟಿದ್ದೆ ಅಷ್ಟೆ. ಕೂತವರು ಏಳಲಿಲ್ಲ. ಪಕ್ಕಕ್ಕೆ ವಾಲಿ ಬಿದ್ದರು. ನಾನು ಅತ್ತೆಯನ್ನು ಕೂಗಿಕೊಂಡೇ ಇವರ ಎದೆಗೆ ಕಿವಿ ಹಚ್ಚಿದೆ. ಕುಡಿದವನು ಹಲಗೆ ಬಾರಿಸಿದ ಹಾಗಿತ್ತು. ನಾಲ್ಕು ಪೆಟ್ಟು ಓಡೋಡಿ, ಒಂದು ತಪ್ಪಿಸಿ, ಮತ್ತೆ ಓಟ.  ಇವರು ಕಣ್ಣು ಬಿಟ್ಟವರೇ, "ಎಷ್ಟಾತು?" ಅಂದರು. ಎಷ್ಟಾತಂತೆ!

ಚಕ್ಕಡಿಯಲ್ಲಿ ಗಾದಿ ಹಾಸಿ ಮಲಗಿಸಿ, ಅತ್ತೆ ಒಂದು ಕಡೆ, ನಾನೊಂದು ಕಡೆ ಕೂತು ಇಳಕಲ್ಲಿಗೆ ಹೋದೆವು. ಹಕೀಮರು ನಾಡಿ ಹಿಡಿದವರು ಹುಬ್ಬು ಗಂಟಿಕ್ಕಿದರು.

"ಏನ ಮಾಡಿದಿ, ಪೈಲ್ವಾನ? ಖರೆ ಹೇಳು."

"ನೀವು ಹೇಳಿದ್ದ ಮಾಡೇನ್ರಿ. ಬರೇ ಬೈಠಕ. ದಿನಾ ಐದನೂರ."

ಹಕೀಮರ ಕೈ ಹಾಗೇ ನಿಂತಿತು. ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಹಣೆ ಹಣೆ ಬಡಿದುಕೊಂಡರು. "ಯಾ ಅಲ್ಲಾ! ಬೈಠಕ ಅಂದ್ರ ಕೂಡ್ರೋದು! ಮಂದಿ ಕಟ್ಟಿ ಮ್ಯಾಲ ಕುಂತು ಹರಟಿ ಹೊಡೀತಾರಲ್ಲ, ಅದು ಬೈಠಕ! ದಿನಾ ಪೂರಾ ಕೂಡ್ರು ಅಂದ್ರ, ಈ ಮಹಾರಾಯ ಕುಂತು ಕುಂತು ಎದ್ದಾನ!"

ಮೊದಲು ನಕ್ಕವರು ಅತ್ತೆ. ಆಮೇಲೆ ನಾನು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಎಣಿಸಿದವಳು ನಾನೇ ತಾನೆ.

ಹಕೀಮರು ನಗಲಿಲ್ಲ. "ಜ್ವರ ಸಣ್ಣದಿತ್ತು ಅಂತೀರಿ. ಎದಿನೂ ಮಾಂಸಾನ, ತಾಯಿ. ಕಾಲು ಊದಿದ್ರ ಕಾಣತೈತಿ, ಕುಂಟತೀರಿ, ಸುಮ್ನ ಕೂಡ್ರತೀರಿ. ಎದಿ ಊದಿದ್ರ ಯಾರಿಗೆ ಕಾಣಬೇಕು? ಊದಿದ ಎದಿ ಕಟಗೊಂಡು ಕುಸ್ತಿಗೆ ಇಳಿದ್ರ ಒಂದಿನ ಕಣದಾಗ ನಿಂತ ಹೋಕ್ಕೈತಿ. ಪೈಲ್ವಾನನ ಎದಿ ಅಂತ ಅದಕ್ಕೇನು ಬ್ಯಾರೆ ಕಾಯಿದೆ ಇಲ್ಲ."

"ಹಂಗಾದ್ರ ಹುನಗುಂದದ ಕುಸ್ತಿ?" ಇವರು ಮಲಗಿದಲ್ಲಿಂದಲೇ ಕೇಳಿದರು.

"ಕುಸ್ತಿ ಮುಂದಿನ ವರ್ಷಾನೂ ಇರತೈತಿ. ನೀ ಇರ್ತೀಯೇನು, ಅದನ್ನ ಕೇಳು."

ಹದಿನೈದು ದಿನದಲ್ಲಿ ಮುಗಿಯಬೇಕಾದದ್ದು ಮೂರು ತಿಂಗಳಿಗೆ ಹೋಯಿತು. ಹಕೀಮರು ನನ್ನ ಬೆರಳು ಹಿಡಿದು ಇವರ ಮಣಿಕಟ್ಟಿನ ಮೇಲಿಟ್ಟು ನಾಡಿ ನೋಡುವುದನ್ನು ಕಲಿಸಿದರು. ತಪ್ಪುವ ಪೆಟ್ಟು ಪೂರಾ ನಿಲ್ಲುವ ತನಕ ಬರೇ ಕೂಡುವುದು. ಆಮೇಲೆ ಬಾವಿಯ ತನಕ ನಡೆದು ಬರುವುದು. ನಡೆದು ಬಂದಾಗ ಓಡುವ ನಾಡಿ ತವೆಯ ಮೇಲೆ ಒಂದು ರೊಟ್ಟಿ ಬೇಯುವಷ್ಟರಲ್ಲಿ ತಣ್ಣಗಾದರೆ ಮರುದಿನ ಇನ್ನೊಂದಿಷ್ಟು ದೂರ. ಆಗದಿದ್ದರೆ ಮತ್ತೆ ಕಟ್ಟೆ. ಕುಸ್ತಿ ಎಲ್ಲಕ್ಕಿಂತ ಕೊನೆಗೆ.

ಗುಡೂರಿನ ಪೈಲ್ವಾನ ಹೊಸ ಮದುಮಗನ ಹಾಗೆ ಕಟ್ಟೆಯ ಮೇಲೆ ಕೂತ! ನೋಡಲು ಮಂದಿ ಬರುತ್ತಿದ್ದರು. "ಎಷ್ಟ ಬೈಠಕ ಆತೋ?" ಅಂತ ಚೇಷ್ಟೆ ಮಾಡುತ್ತಿದ್ದರು. ಇವರು ಹಲ್ಲು ಕಡಿದು ಹತ್ತಿಯೊಳಗಿನ ಕಸ ಆರಿಸುತ್ತಿದ್ದರು. ನನಗಂತೂ ಒಳಗೊಳಗೇ ಹಬ್ಬ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ಬಿಲ್ಲನ್ನೂ ಗರಡಿಯನ್ನೂ ಬಿಟ್ಟು ಹಗಲೆಲ್ಲ ನನ್ನ ಮಾತಿಗೆ ಸಿಕ್ಕದ್ದು ಅದೇ ಮೊದಲು. ಎಷ್ಟು ಮಾತಾಡುತ್ತಿದ್ದರು ಗೊತ್ತೇ? ಗರಡಿಯ ಬಾಗಿಲೊಳಗೆ ಅಷ್ಟೂ ಮಾತನ್ನು ಇಷ್ಟು ದಿನ ಬಿಟ್ಟು ಬರುತ್ತಿದ್ದರು.

ಒಂದು ತಿಂಗಳಾಗಿತ್ತು. ಕಮತಗಿಗೆ ಗಾದಿ ಕೊಟ್ಟು ಬಂದ ಚಕ್ಕಡಿಯವನು ಸುದ್ದಿ ತಂದ. ಚಂದಪ್ಪನಿಗೂ ಅದೇ ಜ್ವರ ಬಂದು ಹೋಗಿದೆ. ಎದ್ದ ಮರುದಿನವೇ ಸಾಮು ಶುರು ಮಾಡಿದ್ದಾನೆ. ಗುಡೂರವನು ಹಕೀಮರ ಮಾತಿನ ಮೇಲೆ ದಿನಕ್ಕೆ ಐದುನೂರು ಬೈಠಕ ಹೊಡೆಯುತ್ತಾನೆ ಎಂಬ ಸುದ್ದಿ ಅವನಿಗೆ ಮುಟ್ಟಿದೆ. ಅವನೀಗ ಸಾವಿರ ಹೊಡೆಯುತ್ತಿದ್ದಾನೆ.

ಇವರು ಕೈಯಲ್ಲಿದ್ದ ಹತ್ತಿ ಕೆಳಗಿಟ್ಟರು. "ಚಕ್ಕಡಿ ಹೂಡ್ರಿ," ಅಂದರು.

"ಎಲ್ಲಿಗಿ?"

"ಕಮತಗಿಗಿ. ಅಂವಾ ಸಾಯತಾನ, ಮೌಲಾ."

ಹೇಳಿ ಕಳಿಸಿದರೆ ಸಾಲದೇ ಅಂತ ಅತ್ತೆ ಕೇಳಿದರು. ಸಾಲದು. ಕುಸ್ತಿಗೆ ಇಳಿಯುವುದಿಲ್ಲ ಅಂತ ಪೈಲ್ವಾನ ತಾನೇ ಎದುರಾಳಿಯ ಗರಡಿಗೆ ಹೋಗಿ ಹೇಳಬೇಕು. ಹೇಳಿದರೆ ಅದು ಸೋಲೇ, ಕಡಗ ಎದುರಿನವನಿಗೆ. ಕಣಕ್ಕಿಳಿಯದೆ ಸೋತವನು ಅನ್ನಿಸಿಕೊಳ್ಳುವುದು ಪೈಲ್ವಾನನಿಗೆ ಎಂಥ ಮಾತು ಅಂತ ನನಗೆ ಗೊತ್ತಿತ್ತು.  ದಾರಿಯುದ್ದಕ್ಕೂ ನಾನು ಇವರ ನಾಡಿ ಹಿಡಿದೇ ಕೂತಿದ್ದೆ.

ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಬಾಗಿಲ ಹೊರಗೆ ನಿಂತೆ. ಒಳಗೆ ಚಂದಪ್ಪ ಬೆವರು ಸುರಿಸುತ್ತ ನಿಂತಿದ್ದ.

"ಲೇ ಚಂದ್ಯಾ, ಈ ವರ್ಷ ನಾ ಇಳಿಯಂಗಿಲ್ಲ. ಕಡಗ ನಿಂದ. ಸಾಮು ಬಿಡು."

 ಚಂದಪ್ಪ ಕಣ್ಣು ಕಿರಿದು ಮಾಡಿದ. "ಇದ್ಯಾವ ಹೊಸ ಪೇಚು ಲೇ?"

"ಪೇಚಲ್ಲೋ ಮಾರಾಯಾ. ನಿನ್ನ ಎದಿ ಪಟಪಟ ಅಂತೈತಿಲ್ಲ? ಮೆಟ್ಟಲಾ ಹತ್ತಿದ್ರ ದಮ್ಮ ಬರತೈತಿಲ್ಲ?"

 ಇವರು ಅವನ ರಟ್ಟೆ ಹಿಡಿದು ಬಾಗಿಲಿಗೆ ಎಳೆದು ತಂದರು. "ಮೌಲಾ, ಇವನ ಕೈ ನೋಡು."

ಪರ ಗಂಡಸಿನ ಕೈ! ಸೆರಗು ಕಣ್ಣಿನ ತನಕ ಎಳೆದುಕೊಂಡು, ಮುಖ ಆಚೆ ತಿರುಗಿಸಿ ಬೆರಳಿಟ್ಟೆ. ಐದು ಪೆಟ್ಟು, ಒಂದು ತಪ್ಪು. ಮೂರು ಪೆಟ್ಟು, ಒಂದು ತಪ್ಪು. "ಇವರದ್ದೂ ನಿಮ್ಮಂಗ ಐತ್ರಿ," ಅಂದೆ. ಚಂದಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ.

"ಒಂದು ವಾರ ಆತೋ ಜಹಾಂಗೀರಾ," ಅಂದ ಮೆಲ್ಲಗೆ. "ಹೆದರಿಕಿ ಆಗಿತ್ತು. ನೀ ಮಾಡಾಕತ್ತೀ, ನಾ ಹ್ಯಾಂಗ ಬಿಡ್ಲಿ ಅಂತ ಮಾಡಿದೆ."

ಇವರೂ ಅವನ ಪಕ್ಕ ಕೂತರು. ಅಷ್ಟು ದೊಡ್ಡ ಇಬ್ಬರು ಒಂದೇ ಹೊಸ್ತಿಲ ಮೇಲೆ ಹಿಡಿಸುತ್ತಲೂ ಇರಲಿಲ್ಲ. ಕಡಗ ಅಂತೂ ಚಂದಪ್ಪ ಮುಟ್ಟಲಿಲ್ಲ. "ಕುಸ್ತಿ ಇಲ್ದ ಬಂದ ಕಡಗ ಎಮ್ಮಿ ಕೋಡಿಗೆ ಹಾಕ್ಲೇನು?" ಅಂತ ಬೈದು, ಮರುದಿನವೇ ಇಳಕಲ್ಲಿನ ದಾರಿ ಹಿಡಿದ. ಆ ವರ್ಷ ಹುನಗುಂದದಲ್ಲಿ ಇಬ್ಬರೂ ಕಣದ ದಂಡೆಯ ಮೇಲೆ ಶೇಂಗಾ ತಿನ್ನುತ್ತ ಕೂತು, ಇಳಿದವರಿಗೆಲ್ಲ ಬುದ್ಧಿ ಹೇಳಿ ತಲೆ ತಿಂದರಂತೆ.

ಮರುವರ್ಷ ಅದೇ ಕಡಗಕ್ಕೆ ಇಬ್ಬರೂ ಇಳಿದರು. ಅಷ್ಟರಲ್ಲಿ ಇವರ ನಾಡಿ ರೊಟ್ಟಿಯ ಒಂದು ಮಗ್ಗುಲು ಬೇಯುವಷ್ಟರಲ್ಲೇ ತಣ್ಣಗಾಗುತ್ತಿತ್ತು. ಆದರೂ ಆ ದಿನ ನನಗೆ ಒಂದು ತುತ್ತೂ ಇಳಿಯಲಿಲ್ಲ. ಹೊತ್ತು ಮುಳುಗುವ ಮುಂಚೆ ಚಕ್ಕಡಿಯ ಸದ್ದಾಯಿತು. ಓಡಿ ಹೋದೆ. ಇವರು ತಾವೇ ಧುಮುಕಿ ಇಳಿದರು. ಕೈ ಬರಿದಾಗಿತ್ತು. ಬೆನ್ನ ತುಂಬ ಹುನಗುಂದದ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಬೆನ್ನಿಗೆ ಮಣ್ಣು ಹತ್ತಿದವನು ಸೋತವನು.

"ಮುಕ್ಕಾಲು ತಾಸು ಹಿಡಿದ್ವಿ, ಮೌಲಾ," ಅಂದರು ಹಲ್ಲು ಬಿಟ್ಟು. "ಮುಕ್ಕಾಲು ತಾಸು! ಕಡೀಕ ಚಿತ್ತ ಮಾಡಿಬಿಟ್ಟ, ಹಲ್ಕಟ್. ಎತ್ತಿ ಅಪ್ಪಿಕೊಂಡು ಅಂವಾನ ಅತ್ತ."

ಹಿತ್ತಲಲ್ಲಿ ಬಿಸಿನೀರು ತೋಡಿಕೊಟ್ಟೆ. ಬೆನ್ನು ತಿಕ್ಕಲು ಅಂಗೈ ಇಟ್ಟರೆ ಮಣ್ಣಿನ ಕೆಳಗೆ ಎದೆ ಧಡ್ ಧಡ್ ಅಂತ ಗುದ್ದುತ್ತಿತ್ತು, ಒಂದೂ ತಪ್ಪದೆ. ನಾನು ಕೈ ತೆಗೆಯಲೇ ಇಲ್ಲ.

ಅತ್ತೆ ಒಳಗಿನಿಂದ ಕೂಗಿದರು: "ನನ್ನ ಮಗ ಗೆದ್ದನೇನ, ಮೌಲಾಬಿ?"

"ಗೆದ್ದಾರ್ರೀ ಅತ್ತಿ!" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ.

"ಏ ಹುಚ್ಚಿ, ಸೋತೇನಿ," ಅಂದರು ಇವರು.

"ಸುಮ್ನ ಕೂಡ್ರಿ," ಅಂತ ಗದರಿಸಿದೆ. ಕಣ್ಣೀರಿನಲ್ಲಿ ತಂಬಿಗೆ ಎಲ್ಲಿದೆ ಅಂತ ನನಗೆ ಕಾಣುತ್ತಿರಲಿಲ್ಲ.