ಲೂರ್ದುವಿನ ಹಿಂದೆ ನಿಂತ ಚೌರಮ್ಮ

ಚೌರಮ್ಮನನ್ನು ನಾನು ಮೊದಲು ನೋಡಿದ್ದು ಐವತ್ತೇಳನೇ ಇಸವಿಯ ಒಂದು ಭಾನುವಾರ, ಶಿಡ್ಲಘಟ್ಟದ ನಮ್ಮ ಚಿಕ್ಕ ಚರ್ಚಿನಲ್ಲಿ. ನಾನು ಯಾವಾಗಲೂ ಕೂರುವ ಕಿಟಕಿ ಪಕ್ಕದ ಜಾಗದಲ್ಲಿ ಕುಳಿತಿದ್ದಳು. ಅವಳಿಗೆ ಅಂಟಿಕೊಂಡು ನಮ್ಮ ಲೂರ್ದು ಅವಳ ಬಳೆಗಳನ್ನು ತಿರುಗಿಸುತ್ತಿದ್ದಳು. ಗಂಡ ರೈಲ್ವೆ ಗ್ಯಾಂಗಿನವನು, ಹಿಂದೂಪುರದ ಕಡೆಯಿಂದ ವರ್ಗವಾಗಿ ಬಂದವರು ಎಂದು ಆಮೇಲೆ ತಿಳಿಯಿತು.

ಲೂರ್ದು ನೆರೆಮನೆಯ ಇನ್ನಾಸಪ್ಪನ ಮಗಳು. ನನಗೆ ಮಕ್ಕಳಿಲ್ಲ, ಯಜಮಾನರೂ ಬೇಗ ಹೋದರು. ಜ್ಞಾನಸ್ನಾನದಲ್ಲಿ ಆ ಕೂಸನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ನಾನು. ಮಕ್ಕಳು ದೊಡ್ಡವರಾದ ಮೇಲೆ ಬಿಷಪ್ ಸ್ವಾಮಿಗಳು ಬಂದು ಹಣೆಗೆ ತೈಲ ಹಚ್ಚಿ ದೃಢೀಕರಣ ಸಂಸ್ಕಾರ ಕೊಡುವಾಗ ಅವಳ ಹೆಗಲ ಮೇಲೆ ಕೈಯಿಟ್ಟು ಹಿಂದೆ ನಿಲ್ಲುವವಳೂ ನಾನೇ ಎಂದುಕೊಂಡಿದ್ದೆ. ಬಿಳಿ ಲಂಗವನ್ನೂ ಹೊಲಿಸಿಟ್ಟಿದ್ದೆ.

ಬಿಷಪ್ ಬರುವ ಸುದ್ದಿ ಬಂತು. "ಜ್ಞಾನಸ್ನಾನಕ್ಕೆ ನಿಂತೋರು ಇದಕ್ಕೆ ನಿಲ್ಲೋ ಹಾಗಿಲ್ಲಮ್ಮ, ಬೇರೆಯೋರು ಬೇಕು," ಎಂದರು ಚರ್ಚಿನ ಸ್ವಾಮಿಗಳು. ಯಾರು ಬೇಕೆಂದು ಲೂರ್ದುವನ್ನೇ ಕೇಳಿದರು. ಅವಳು ನನ್ನ ಮುಖವನ್ನೂ ನೋಡದೆ "ಚೌರಮ್ಮತ್ತೆ" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಮಗುವಿಗೆ ಜಪ ಕಲಿಸುವುದೂ ಹಿಂದೆ ನಿಲ್ಲುವವರ ಕೆಲಸವೇ. ಪವಿತ್ರಾತ್ಮರ ಏಳು ವರಗಳನ್ನು ನಾನು ಬಾಯಿಪಾಠ ಮಾಡಿಸುವಾಗ ಆಕಳಿಸುತ್ತಿದ್ದ ಹುಡುಗಿ ಚೌರಮ್ಮನ ಜೊತೆ ರಾಗಿ ಬೀಸುತ್ತ ಅವನ್ನೇ ಹಾಡಿನ ಹಾಗೆ ಎಳೆದೆಳೆದು ಹೇಳುತ್ತಿದ್ದಳು. ನನ್ನ ಹಿತ್ತಿಲ ಗೋಡೆಯಾಚೆಯೇ ಚೌರಮ್ಮನ ಮನೆ. ಬೀಸುವ ಕಲ್ಲಿನ ಸದ್ದಿಗಿಂತ ಅವರಿಬ್ಬರ ನಗುವೇ ನನಗೆ ಹೆಚ್ಚು ಕೇಳುತ್ತಿತ್ತು.

ಬಿಷಪ್ ಬರುವ ವಾರ ಚೌರಮ್ಮ ನನ್ನ ಬಾಗಿಲಿಗೆ ಬಂದಳು. ಕೈಯೆಲ್ಲ ಇನ್ನೂ ಹಿಟ್ಟು.

"ಅಕ್ಕಾ, ನಂಗೇ ದೃಢೀಕರಣ ಆಗಿಲ್ಲ. ನಮ್ಮೂರಿಗೆ ಬಿಷಪ್ಪು ಬಂದೇ ಇರ್ಲಿಲ್ಲ. ಮೊದ್ಲು ನಿಂದಾಗ್ಲಿ, ಆಮೇಲೆ ಮಗೂಗೆ ನಿಲ್ಲು ಅಂದ್ರು ಸ್ವಾಮಿಗಳು."

"ತನಗೇ ಇಲ್ಲ, ಊರ ಮಕ್ಕಳಿಗೆ ಕೊಡಿಸೋಕೆ ಹೊರಟವ್ಳೆ! ಅದಕ್ಕೆ ನನ್ ಹತ್ರ ಏನು ಬಂದೆ?"

"ನನ್ ಹಿಂದೆ ನಿಲ್ಲೋಕೂ ಒಬ್ರು ಬೇಕಲ್ಲಕ್ಕಾ. ನೀವು ಬಿಟ್ರೆ ಈ ಊರಲ್ಲಿ ನಂಗ್ಯಾರವ್ರೆ?"

ದೃಢೀಕರಣ ಆಗಿದ್ದ ಹೆಂಗಸರೇ ನಮ್ಮಲ್ಲಿ ಕಡಿಮೆ. ಇದ್ದವರೆಲ್ಲ ಬೇರೆ ಮಕ್ಕಳಿಗೆ ಒಪ್ಪಿಕೊಂಡಿದ್ದರು. ನಾನು ಒಲ್ಲೆನೆಂದರೆ ಅವಳು ನಿಲ್ಲುವಂತಿಲ್ಲ. ಆದರೆ ಆಗ ಲೂರ್ದುವಿಗೂ ದೃಢೀಕರಣ ಆಗುವುದಿಲ್ಲ. ಬಿಷಪ್ ಮತ್ತೆ ಬರುವುದು ಯಾವ ಕಾಲಕ್ಕೋ.

"ಮಗು ಮುಖ ನೋಡಿ ಬರ್ತೀನಿ, ನಿನಗೋಸ್ಕರ ಅಲ್ಲ," ಎಂದೆ.

"ಅಷ್ಟಾದ್ರೆ ಸಾಕಕ್ಕಾ," ಎಂದು ನಕ್ಕಳು. ಆ ನಗುವಿಗೇ ಹುಡುಗಿ ಮರುಳಾಗಿದ್ದಳು.

ದೃಢೀಕರಣವಾದ ಮರುದಿನವೇ ಗಂಡನಿಗೆ ಬಂಗಾರಪೇಟೆಗೆ ವರ್ಗವಾಗಿ ಅವರು ಹೊರಟುಹೋದರು. ಲೂರ್ದು ಸ್ಟೇಷನ್ನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ಊರು ಬಿಟ್ಟರೆ ಇಷ್ಟು ಅಳುವಳೇ ಎಂದು ಅಂದೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಆಮೇಲೆ ನಾನು ಚೌರಮ್ಮನನ್ನು ನೋಡಲಿಲ್ಲ. ಹಾಗಾಗಿ ಅವಳು ನನ್ನನ್ನು ಕೊನೆಯದಾಗಿ ಏನಾದರೂ ಕೇಳಿದ್ದು ದೃಢೀಕರಣದ ದಿನ ಚರ್ಚಿನ ಸಾಲಿನಲ್ಲೇ.

ಬಿಷಪ್ ಸ್ವಾಮಿಗಳು ಒಬ್ಬೊಬ್ಬರಿಗೇ ತೈಲ ಹಚ್ಚುತ್ತ ನಮ್ಮ ಕಡೆ ಬರುತ್ತಿದ್ದರು. ಲೂರ್ದು ಚೌರಮ್ಮನ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನಾನು ಬೆರಳ ತುದಿಯನ್ನಷ್ಟೇ ಚೌರಮ್ಮನ ಹೆಗಲಿಗೆ ತಾಗಿಸಿದ್ದೆ. ಅವಳು ತಲೆ ತಿರುಗಿಸದೆ ಪಿಸುಗುಟ್ಟಿದಳು:

"ಅಕ್ಕಾ, ನಂಗಿದೆಲ್ಲ ಹೊಸ್ದು. ಕೈ ಒಂಚೂರು ಗಟ್ಟಿಯಾಗಿ ಇಡ್ತೀರಾ?"